ಕೊಪ್ಪೆನ್‌ಬರ್ಗ್ ಹತ್ತೋಕೆ ಬಾಡಿಗೆ ಸೈಕಲ್: ಔಡೆನಾರ್ಡೆಯ ಒಂದು ಚಿಕ್ಕ ಅಂಗಡಿ

“ನಿಮ್ಮ ತೂಕ ಎಷ್ಟು?”

ಅಂಗಡಿಯವರು ನನ್ನ ಹೆಸರು ಕೇಳುವ ಮೊದಲು ಕೇಳಿದ್ದು ಇದನ್ನ. 61 ಕೆಜಿ ಅಂದೆ. “ಬ್ಯಾಗ್ ಸೇರಿಸಿಯಾ?” ಅಂದರು. ಬ್ಯಾಗಿನಲ್ಲಿ ನೀರಿನ ಬಾಟಲಿ, ಮಳೆ ಕೋಟು, ಎರಡು ಬಾಳೆಹಣ್ಣು ಇದ್ದವು. ಅದನ್ನೂ ಒಂದು ಕೈಯಲ್ಲಿ ಎತ್ತಿ ನೋಡಿ, ಗೋಡೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 64 ಅಂತ ಬರೆದರು. ಹೆಸರು ಕೇಳಿದ್ದು ಆಮೇಲೆ.

ಬೆಲ್ಜಿಯಂನ ಔಡೆನಾರ್ಡೆ ಊರಿನ ಬಾಡಿಗೆ ಸೈಕಲ್ ಅಂಗಡಿ ಇದು. ಊರ ನಡುವಿನ ಚೌಕದಿಂದ ಐದು ನಿಮಿಷ ನಡೆದರೆ ಸಿಗುತ್ತದೆ. ಹೆಸರು ಹಾಕಬೇಡಿ ಅಂತ ಮಾಲೀಕರೇ ಕೇಳಿಕೊಂಡರು. ಇರುವುದೇ ಹನ್ನೆರಡು ಸೈಕಲ್, ಅವರೊಬ್ಬರೇ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಅದಕ್ಕೆ ಹೆಸರು ಬರೆಯುತ್ತಿಲ್ಲ. ಆದರೆ ಅಲ್ಲಿ ಏನೇನು ಮಾಡಿದರು ಅನ್ನುವುದನ್ನು ಪೂರ್ತಿ ಬರೆಯುತ್ತೇನೆ. ಆ ಕಡೆ ಯಾವ ಅಂಗಡಿಗೆ ಹೋದರೂ ನೀವು ಇದನ್ನೇ ಕೇಳಬೇಕು ಅನ್ನುವುದು ನನ್ನ ಆಸೆ. ಯಾಕೆಂದರೆ ನಾನು ಒಂದು ಸಲ ಕೇಳದೇ ಹೋಗಿ ಅನುಭವಿಸಿದ್ದೇನೆ.

ಮೊದಲು ಆ ದಿಬ್ಬದ ವಿಷಯ. ಕೊಪ್ಪೆನ್‌ಬರ್ಗ್ ಔಡೆನಾರ್ಡೆಯ ಪಕ್ಕದ ಮೆಲ್ಡೆನ್ ಹಳ್ಳಿಯಲ್ಲಿದೆ. ಉದ್ದ ಬರೀ 600 ಮೀಟರ್. ಕಾಗದದ ಮೇಲೆ ಇದೇನು ಮಹಾ ಅನ್ನಿಸುತ್ತದೆ ಅಲ್ವಾ? ಆದರೆ ಏರು ಎಲ್ಲ ಕಡೆ ಒಂದೇ ಥರ ಇಲ್ಲ. ಸರಾಸರಿ 11.6 ಶೇಕಡಾ, ಕಡಿದಾದ ಕಡೆ 22 ಶೇಕಡಾ. ಅಂದರೆ ಆ ಜಾಗದಲ್ಲಿ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ 22 ಮೀಟರ್ ಮೇಲೇರುವ ಲೆಕ್ಕ. ಅದೂ ಡಾಂಬರಿನ ಮೇಲಲ್ಲ, ಕಲ್ಲಿನ ಮೇಲೆ. ಇಲ್ಲಿನವರು ಇಂಥ ಉರುಟು ಕಲ್ಲಿಗೆ ‘ಕಿಂಡರ್‌ಕೊಪ್ಪೆನ್’ ಅನ್ನುತ್ತಾರೆ, ಮಕ್ಕಳ ತಲೆ ಅಂತ ಅರ್ಥ. ಮೇಲೆ ಗುಂಡಗೆ, ನುಣ್ಣಗೆ ಇರುವ ಕಲ್ಲುಗಳು. ಒಂದೊಂದರ ನಡುವೆಯೂ ಬೆರಳು ತೂರುವಷ್ಟು ಸಂದು, ಸಂದಿನಲ್ಲಿ ಮಣ್ಣು, ಮಣ್ಣಿನ ಮೇಲೆ ಪಾಚಿ.

ಏಪ್ರಿಲ್ ಹೊತ್ತಿಗೆ ನಡೆಯುವ ಟೂರ್ ಆಫ್ ಫ್ಲಾಂಡರ್ಸ್ ರೇಸ್ ಈ ದಿಬ್ಬದ ಮೇಲೆ ಹೋಗುತ್ತದೆ. 1913ರಲ್ಲಿ ಶುರುವಾದ ರೇಸ್ ಅದು. ಇಲ್ಲಿ ಅದಕ್ಕೆ ಬರೀ ‘ರೋಂಡೆ’ ಅಂದರೆ ಸಾಕು, ಹಣ್ಣಿನ ಅಂಗಡಿಯವರಿಂದ ಹಿಡಿದು ಬಸ್ ಚಾಲಕರವರೆಗೆ ಎಲ್ಲರಿಗೂ ಗೊತ್ತು. ಕೊಪ್ಪೆನ್‌ಬರ್ಗ್ ಆ ರೇಸಿಗೆ ಸೇರಿದ್ದು 1976ರಲ್ಲಿ.

ನಾನು ಗೆಂಟ್ ನಗರದಲ್ಲಿ ಆಸ್ಪತ್ರೆಯ ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತೇನೆ. ದಿನವೂ ಕೆಲಸಕ್ಕೆ ಸೈಕಲ್ಲೇ. ಆದರೆ ಗೆಂಟ್ ಚಪ್ಪಟೆ ಊರು, ಸೇತುವೆ ಏರುವುದೇ ಅಲ್ಲಿನ ದೊಡ್ಡ ಏರು. ಸಹೋದ್ಯೋಗಿಗಳು ಪ್ರತಿ ವಸಂತದಲ್ಲೂ ರೋಂಡೆಯ ಮಾತಾಡುವುದನ್ನು ಕೇಳಿ ಕೇಳಿ, ಅದರಲ್ಲೂ ಈ ಒಂದು ದಿಬ್ಬದ ಹೆಸರು ಬಂದಾಗ ಅವರ ದನಿ ಬದಲಾಗುವುದನ್ನು ನೋಡಿ, ನನಗೂ ಒಂದು ಸಲ ಹತ್ತಲೇಬೇಕು ಅನ್ನಿಸಿತು.

ಮೊದಲ ಸಲ ಹೋಗಿದ್ದು 2023ರ ಸೆಪ್ಟೆಂಬರಿನಲ್ಲಿ. ನನ್ನ ಗೆಳತಿಯ ತಮ್ಮ ಜೊತೆಗಿದ್ದ. ಅವನೂ ಗೆಂಟ್‌ನಲ್ಲೇ ಓದುತ್ತಿದ್ದ. ನಮ್ಮ ಸೈಕಲ್ ಬಾಡಿಗೆಗೆ ತಂದದ್ದು ಬೇರೆ ಊರಿನ ಬೇರೆ ಅಂಗಡಿಯಿಂದ. ದೊಡ್ಡ ಅಂಗಡಿ. ಫಳಫಳ ಹೊಳೆಯುವ ಕಾರ್ಬನ್ ಸೈಕಲ್‌ಗಳು. ಎಲ್ಲಿಗೆ ಹೋಗ್ತೀರಿ ಅಂತ ಯಾರೂ ಕೇಳಲಿಲ್ಲ. ನಾನಾಗಿಯೇ “ಕೊಪ್ಪೆನ್‌ಬರ್ಗ್‌ಗೆ” ಅಂದೆ. ಕೌಂಟರಿನ ಹುಡುಗ “ಚೆನ್ನಾಗಿರುತ್ತೆ” ಅಂದು ಕಾರ್ಡ್ ಮಶೀನ್ ನನ್ನ ಕಡೆ ತಿರುಗಿಸಿದ. ಟೈರು 25 ಮಿಲಿಮೀಟರ್ ಅಗಲದ್ದು. ಗಾಳಿಯ ಒತ್ತಡ 7 ಬಾರ್, ಅಂದರೆ ತುಂಬಾ ಗಟ್ಟಿ. ಹಿಂದಿನ ಗೇರ್‌ಗಳಲ್ಲಿ ದೊಡ್ಡದಕ್ಕೆ 25 ಹಲ್ಲು, ಮುಂದಿನ ಚಿಕ್ಕದಕ್ಕೆ 36. ಇದೆಲ್ಲ ನನಗೆ ಆವತ್ತು ಗೊತ್ತಿರಲಿಲ್ಲ. ಆಮೇಲೆ ರಸೀದಿಯಲ್ಲಿ ಬರೆದಿದ್ದ ಮಾಡೆಲ್ ಹುಡುಕಿ, ಫೋಟೋ ನೋಡಿ ತಿಳಿದುಕೊಂಡೆ.

ಆ ಸೈಕಲ್ ನಯವಾದ ರಸ್ತೆಗೆ ಒಳ್ಳೆಯದೇ ಇರಬಹುದು. ಕಲ್ಲಿನ ಮೇಲೆ ಅದು ಕೋಲಿನ ಹಾಗೆ ಕುಟ್ಟಿತು. ಟೈರಿನಲ್ಲಿ ಗಾಳಿ ಗಟ್ಟಿಯಾಗಿದ್ದರೆ ಅದು ಕಲ್ಲಿನ ತಲೆಯನ್ನಷ್ಟೇ ಮುಟ್ಟಿ ಮೇಲಕ್ಕೆ ಹಾರುತ್ತದೆ. ಚಕ್ರ ಗಾಳಿಯಲ್ಲಿರುವ ಆ ಕ್ಷಣದಲ್ಲಿ ನೀವು ಪೆಡಲ್ ಒತ್ತಿದರೆ ಆ ಶಕ್ತಿ ಎಲ್ಲೂ ಹೋಗುವುದಿಲ್ಲ, ಚಕ್ರ ಸುಮ್ನೆ ಗಿರ್ರನೆ ಸುತ್ತುತ್ತದೆ. ಮರಗಳು ಎರಡೂ ಕಡೆಯಿಂದ ಬಾಗಿ ದಾರಿಯನ್ನು ಮುಚ್ಚುವ ಜಾಗ ಬಂತು. ಅಲ್ಲೇ ಅತಿ ಕಡಿದು. ನನ್ನ ಕೈಲಿ ಪೆಡಲ್ ತಿರುಗಿಸಲು ಆಗಲಿಲ್ಲ. ಎದ್ದು ನಿಂತು ತುಳಿದೆ. ಹಿಂದಿನ ಚಕ್ರ ಜಾರಿತು. ಪೆಡಲಿಗೆ ಲಾಕ್ ಆಗುವ ಶೂ ಹಾಕಿದ್ದೆ, ಅದು ಸಿಕ್ಕಿಕೊಂಡಿತ್ತು. ಬಿಡಿಸಿಕೊಳ್ಳುವಷ್ಟರಲ್ಲಿ ಎಡಗಡೆಗೆ ಬಿದ್ದೆ. ಮೊಣಕಾಲು ಕಲ್ಲಿಗೆ ಬಡಿಯಿತು, ಮೊಳಕೈ ತರಚಿತು.

ಹಿಂದೆ ಬರುತ್ತಿದ್ದ ಹುಡುಗ ಸೈಕಲ್ ಎಸೆದು ಓಡಿ ಬಂದ. “ಅಕ್ಕಾ, ಅಲ್ಲಾಡಬೇಡಿ, ಮೊದಲು ಕಾಲು ನೋಡ್ತೀನಿ” ಅಂದ. ಮೂಳೆಗೆ ಏನೂ ಆಗಿರಲಿಲ್ಲ. ಉಳಿದ ದಾರಿ ಇಬ್ಬರೂ ಸೈಕಲ್ ತಳ್ಳಿಕೊಂಡು ನಡೆದೆವು. ನಡೆಯುವುದೂ ಕಷ್ಟವೇ. ಸೈಕಲ್ ಶೂ ಕೆಳಗಿನ ಪ್ಲಾಸ್ಟಿಕ್ ತುಂಡು ಆ ಕಲ್ಲಿನ ಮೇಲೆ ನಿಲ್ಲುವುದೇ ಇಲ್ಲ. ಸೈಕಲ್ ವಾಪಸ್ ಕೊಟ್ಟಾಗ ಗೇರ್ ಲಿವರ್ ಗೀಚಿದ್ದಕ್ಕೆ 40 ಯೂರೋ ಹಿಡಿದುಕೊಂಡರು. ಗೀಚಿದ್ದು ನಿಜ, ಕೊಟ್ಟೆ. ನನಗೆ ನೋವಾಗಿದ್ದು ಹಣಕ್ಕಲ್ಲ. ಅಲ್ಲಿಗೆ ಹೋಗುವವರಿಗೆ ಆ ಸೈಕಲ್ ಕೊಡಬಾರದು ಅನ್ನುವುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ.

ಆರು ತಿಂಗಳಾದ ಮೇಲೆ, 2024ರ ಮಾರ್ಚ್ 31ರಂದು, ರೋಂಡೆಯನ್ನು ಟಿವಿಯಲ್ಲಿ ನೋಡಿದೆ. ಮಳೆ ಬಂದು ಕೊಪ್ಪೆನ್‌ಬರ್ಗ್ ಒದ್ದೆಯಾಗಿತ್ತು. ಮ್ಯಾಥ್ಯೂ ವಾನ್ ಡರ್ ಪೂಲ್ ವಿಶ್ವ ಚಾಂಪಿಯನ್ ಜೆರ್ಸಿಯಲ್ಲಿ ಹತ್ತಿಕೊಂಡು ಹೋದರು. ಕೆಳಗಿಳಿಯದೆ ಹತ್ತಿದವರು ಬೆರಳೆಣಿಕೆಯಷ್ಟು ಜನ. ಉಳಿದ ವೃತ್ತಿಪರ ಸವಾರರು ಒಬ್ಬೊಬ್ಬರಾಗಿ ಇಳಿದು, ಸೈಕಲ್ ಹೆಗಲಿಗೆ ಹಾಕಿಕೊಂಡು, ತಳ್ಳಿಕೊಂಡು, ಜಾರುತ್ತಾ ನಡೆದರು. ನಾನು ಬಿದ್ದ ಅದೇ ಮರಗಳ ಕೆಳಗೆ. ಮುಂದಿದ್ದವನ ಚಕ್ರ ಜಾರಿ ಅವನು ನಿಂತರೆ ಹಿಂದಿರುವವರೆಲ್ಲ ನಿಲ್ಲಲೇಬೇಕು, ದಾರಿ ಅಷ್ಟು ಇಕ್ಕಟ್ಟು. ಒಂದು ಸಲ ನಿಂತರೆ ಆ ಏರಿನಲ್ಲಿ ಮತ್ತೆ ಹತ್ತಿ ಕೂತು ಹೊರಡುವುದು ಆಗದ ಮಾತು. ಗುರಿಗೆ ಇನ್ನೂ ಸುಮಾರು 45 ಕಿಲೋಮೀಟರ್ ಇತ್ತು. ಅಲ್ಲಿ ಬಿಟ್ಟವರನ್ನು ವಾನ್ ಡರ್ ಪೂಲ್ ಮತ್ತೆ ಹತ್ತಿರ ಬರಗೊಡಲೇ ಇಲ್ಲ. ಅವರ ಮೂರನೇ ರೋಂಡೆ ಗೆಲುವು ಅದು.

ಆವತ್ತು ಟಿವಿ ಮುಂದೆ ಕೂತು ನನಗೆ ಒಂದು ಥರ ಧೈರ್ಯ ಬಂತು. ಬರೀ ಕಾಲಿನ ಶಕ್ತಿ ಇದ್ದರೆ ಸಾಲದು, ಚಕ್ರ ಕಲ್ಲನ್ನು ಹಿಡಿಯಬೇಕು. ಅದನ್ನು ಸರಿ ಮಾಡಿಕೊಂಡು ಹೋದರೆ ನನಗೂ ಒಂದು ಅವಕಾಶ ಇದೆ ಅನ್ನಿಸಿತು.

ಈ ಅಂಗಡಿಯ ಬಗ್ಗೆ ಹೇಳಿದ್ದು ಲ್ಯಾಬಿನ ಹಿರಿಯ ಸಹೋದ್ಯೋಗಿ. ಫೋನ್ ಮಾಡಿಯೇ ಬುಕ್ ಮಾಡಬೇಕು. ಫೋನಿನಲ್ಲೇ ನನ್ನ ಎತ್ತರ ಕೇಳಿದರು, ಒಳಗಾಲಿನ ಅಳತೆ ಕೇಳಿದರು, ಯಾವ ದಿಬ್ಬ ಅಂತ ಕೇಳಿದರು. ಕೊಪ್ಪೆನ್‌ಬರ್ಗ್ ಅಂದಾಗ ಒಂದು ನಿಮಿಷ ಸುಮ್ಮನಿದ್ದು, “ಹಿಂದಿನ ದಿನ ಮಳೆ ಬಂದರೆ ನಾನೇ ಫೋನ್ ಮಾಡ್ತೀನಿ, ಬೇರೆ ದಿನ ಬನ್ನಿ” ಅಂದರು. ಬಾಡಿಗೆ ಕಳೆದುಕೊಂಡರೂ ಪರವಾಗಿಲ್ಲ ಅನ್ನುವ ಅಂಗಡಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಮಳೆ ಬರಲಿಲ್ಲ. ಮೇ ತಿಂಗಳ ಒಂದು ಗುರುವಾರ ರಜೆ ಹಾಕಿ ಹೊರಟೆ. ಗೆಂಟ್‌ನಿಂದ ರೈಲಿನಲ್ಲಿ ಅರ್ಧ ಗಂಟೆ.

ಅಂಗಡಿ ಒಳಗೆ ಎಣ್ಣೆ, ರಬ್ಬರ್ ವಾಸನೆ. ನನ್ನ ಸೈಕಲ್ ಆಗಲೇ ಸ್ಟ್ಯಾಂಡಿನ ಮೇಲಿತ್ತು. ಅಲ್ಯೂಮಿನಿಯಂ ಫ್ರೇಮ್, ಅಲ್ಲಲ್ಲಿ ಬಣ್ಣ ಹೋಗಿದೆ. ನೋಡೋಕೆ ಏನೂ ವಿಶೇಷ ಇಲ್ಲ. ಟೈರು ಮಾತ್ರ 32 ಮಿಲಿಮೀಟರ್, ಟ್ಯೂಬ್ ಇಲ್ಲದ್ದು, ಒಳಗೆ ಪಂಕ್ಚರ್ ತಾನೇ ಮುಚ್ಚಿಕೊಳ್ಳುವ ದ್ರವ ಹಾಕಿದ್ದು. ಹಲಗೆಯ ಮೇಲೆ ಬರೆದ 64 ನೋಡಿ ಗಾಳಿ ಬಿಡತೊಡಗಿದರು. ಹಿಂದೆ 3.5 ಬಾರ್, ಮುಂದೆ 3.2. ಮೀಟರ್ ತೋರಿಸಿದ ಮೇಲೂ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಮತ್ತೆ ನನ್ನ ಕೈ ಹಿಡಿದು ನನ್ನ ಹೆಬ್ಬೆರಳಿನಿಂದಲೂ ಒತ್ತಿಸಿದರು. ಚೆನ್ನಾಗಿ ಬಲಿತ ಮಾವಿನಕಾಯಿಗೂ ಹಣ್ಣಿಗೂ ನಡುವೆ ಇರುತ್ತದಲ್ಲ, ಹಾಗೆ ಸ್ವಲ್ಪ ಒಳಕ್ಕೆ ಹೋಯಿತು. “ಇದನ್ನ ನೆನಪಿಟ್ಟುಕೊಳ್ಳಿ. ದಾರೀಲಿ ಇದಕ್ಕಿಂತ ಮೆತ್ತಗಾದರೆ ರಿಮ್ ಕಲ್ಲಿಗೆ ಬಡಿಯುತ್ತೆ, ನಿಲ್ಲಿಸಿ ಗಾಳಿ ಹಾಕ್ಕೊಳ್ಳಿ” ಅಂದರು. ಗಾಳಿ ಕಮ್ಮಿ ಇದ್ದಾಗ ಟೈರು ಕಲ್ಲಿನ ಗುಂಡಗಿನ ಮೇಲೆ ಹರಡಿ ಕೂರುತ್ತದೆ, ಸಂದಿಗೂ ಇಳಿಯುತ್ತದೆ. ಹಾರುವುದಿಲ್ಲ.

ಗೇರ್‌ಗಳಿಗೆ ಬಂದರೆ, ಮುಂದೆ ಚಿಕ್ಕದು 34 ಹಲ್ಲು, ಹಿಂದೆ ದೊಡ್ಡದೂ 34. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಸೈಕಲ್ ಸುಮಾರು 2.1 ಮೀಟರ್ ಮುಂದೆ ಹೋಗುತ್ತದೆ. ಹಿಂದಿನ ಸಲದ ಸೈಕಲ್‌ನಲ್ಲಿ ಅದೇ ಒಂದು ಸುತ್ತಿಗೆ 3 ಮೀಟರ್ ಹೋಗಬೇಕಿತ್ತು. 22 ಶೇಕಡಾ ಏರಿನಲ್ಲಿ ಆ ಒಂದು ಮೀಟರ್ ವ್ಯತ್ಯಾಸ ಏನು ಅಂತ ನನ್ನ ಮೊಣಕಾಲಿಗೆ ಗೊತ್ತು.

ಆಮೇಲೆ ನನ್ನನ್ನು ಅಂಗಡಿ ಹಿಂದಿನ ಓಣಿಗೆ ಕರೆದುಕೊಂಡು ಹೋದರು. ಅಲ್ಲಿ ಹತ್ತು ಹದಿನೈದು ಮೀಟರ್ ಹಳೆಯ ಕಲ್ಲು ಹಾಸು ಇದೆ. ಅದರ ಮೇಲೆ ಆರು ಸಲ ಹಿಂದೆ ಮುಂದೆ ಓಡಿಸಿದರು. ನಾನು ಹ್ಯಾಂಡಲ್ ಬಿಗಿಯಾಗಿ ಹಿಡಿಯುತ್ತಿದ್ದೆ. “ಹಕ್ಕಿಮರಿ ಹಿಡಿದ ಹಾಗೆ ಹಿಡೀರಿ” ಅಂದರು. ಮೂರನೇ ಸುತ್ತಿಗೆ ಕೈ ಸಡಿಲವಾಯಿತು. ಹ್ಯಾಂಡಲ್ ಅಂಗೈಯಲ್ಲಿ ಅಲುಗಾಡುತ್ತಿತ್ತು, ಆದರೆ ಸೈಕಲ್ ನೇರವಾಗಿಯೇ ಹೋಗುತ್ತಿತ್ತು. ಇಡೀ ಇಪ್ಪತ್ತು ನಿಮಿಷ ಕೊಟ್ಟರು. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದು ಕಾಯುತ್ತಿದ್ದರು. ಅವರಿಗೂ ಬೇಸರ ಇದ್ದಂತೆ ಕಾಣಲಿಲ್ಲ, ತಮ್ಮ ಸರದಿಯಲ್ಲೂ ಇದೇ ಆಗುತ್ತದೆ ಅಂತ ಗೊತ್ತಿರಬೇಕು.

ದಿಬ್ಬದ ಬಗ್ಗೆ ಅವರು ಹೇಳಿದ್ದನ್ನು ಇಲ್ಲಿ ಹಾಗೇ ಇಡುತ್ತೇನೆ. ಕಲ್ಲು ಶುರುವಾಗುವ ಮುಂಚೆಯೇ, ಡಾಂಬರಿನ ಮೇಲಿರುವಾಗಲೇ, ಅತಿ ಹಗುರದ ಗೇರಿಗೆ ಹಾಕಿ. ಏರಿನಲ್ಲಿ ಜೋರಾಗಿ ಒತ್ತುತ್ತಾ ಗೇರ್ ಬದಲಿಸಿದರೆ ಚೈನ್ ಬೀಳುತ್ತೆ. ಎದ್ದು ನಿಲ್ಲಬೇಡಿ. ನಿಂತರೆ ನಿಮ್ಮ ಭಾರ ಮುಂದಕ್ಕೆ ಹೋಗಿ ಹಿಂದಿನ ಚಕ್ರ ಜಾರುತ್ತೆ. ಹಾಗಂತ ಪೂರ್ತಿ ಹಿಂದಕ್ಕೂ ಕೂರಬೇಡಿ, ಮುಂದಿನ ಚಕ್ರ ಎದ್ದು ಬಿಡುತ್ತೆ. ಸೀಟಿನ ತುದಿಗೆ ಜರುಗಿ, ಮೊಳಕೈ ಮಡಚಿ, ಎದೆ ಕೆಳಗೆ ತನ್ನಿ. ದಾರಿಯ ನಡು ಉಬ್ಬಿನಲ್ಲೇ ಇರಿ. ಅಂಚು ಸಲೀಸು ಅನ್ನಿಸುತ್ತೆ, ಆದರೆ ನೀರು, ಎಲೆ, ಕೆಸರು ಎಲ್ಲ ಇಳಿದು ಸೇರೋದು ಅಲ್ಲೇ. ಮುಂದೆ ಯಾರಾದರೂ ಇದ್ದರೆ ಹತ್ತು ಮೀಟರ್ ಬಿಟ್ಟು ಹೋಗಿ. ಸುತ್ತು ಹೊಡೆಯೋ ಆಸೆ ಇದ್ದರೂ ಕೊಪ್ಪೆನ್‌ಬರ್ಗ್ ಮೊದಲು ಮಾಡಿ, ಕಾಲು ತಾಜಾ ಇರುವಾಗ.

ಕೊನೆಯ ಮಾತು ಮುಖ್ಯ. ಇಲ್ಲಿ ರೋಂಡೆಯ ದಿಬ್ಬಗಳಿಗೆ ಬಣ್ಣದ ಫಲಕ ಹಾಕಿದ ಸುತ್ತುಗಳಿವೆ. ನೀಲಿ ಫಲಕದ ಸುತ್ತಿನಲ್ಲಿ ಔಡೆ ಕ್ವಾರೆಮಾಂಟ್, ಪಾಟರ್‌ಬರ್ಗ್ ಅನ್ನುವ ಬೇರೆ ಎರಡು ದಿಬ್ಬ ದಾಟಿ ಕೊಪ್ಪೆನ್‌ಬರ್ಗ್ ಬರುತ್ತದೆ. ಮೊದಲ ಸಲ ನಾವು ಫಲಕ ಹಿಡಿದೇ ಹೋಗಿದ್ದೆವು. ದಿಬ್ಬದ ಬುಡ ಮುಟ್ಟುವಷ್ಟರಲ್ಲಿ ನನ್ನ ತೊಡೆ ಆಗಲೇ ಸೋತಿತ್ತು.

ಔಡೆನಾರ್ಡೆಯಿಂದ ಮೆಲ್ಡೆನ್‌ವರೆಗೆ ದಾರಿ ಸಮತಟ್ಟು. ಸ್ಕೆಲ್ಡೆ ನದಿಯ ಬದಿಯಲ್ಲಿ ತಣ್ಣನೆ ಗಾಳಿ ಬೀಸುತ್ತಿತ್ತು. ಮೈ ಬಿಸಿಯಾಗಲಿ ಅಂತ ಇಪ್ಪತ್ತು ನಿಮಿಷ ಆರಾಮಾಗಿ ತುಳಿದೆ. ಹಳ್ಳಿಯಲ್ಲಿ ತಿರುಗಿದರೆ ದಿಬ್ಬ ಎದುರಿಗೇ ಕಾಣುತ್ತದೆ. ಮೊದಲು ಹುಲ್ಲುಗಾವಲು, ಅದರ ನಡುವೆ ಬೂದು ಬಣ್ಣದ ಗೀಟು, ಆಮೇಲೆ ಆ ಗೀಟು ಮರಗಳ ಒಳಗೆ ನುಗ್ಗಿ ಮಾಯ. ಪಕ್ಕದ ಆ ಹುಲ್ಲುಗಾವಲಿನಲ್ಲೇ ಪ್ರತಿ ವರ್ಷ ನವೆಂಬರ್ 1ರಂದು ಕೆಸರಿನ ಸೈಕ್ಲೋಕ್ರಾಸ್ ರೇಸ್ ನಡೆಯುತ್ತದೆ.

ಮೊದಲ ಪ್ರಯತ್ನ ಕೈಗೂಡಲಿಲ್ಲ. ಸೈಕಲ್ಲಿನ ತಪ್ಪಲ್ಲ. ಮುಂದೆ ಒಬ್ಬರು ಹೋಗುತ್ತಿದ್ದರು. ಹತ್ತು ಮೀಟರ್ ಬಿಟ್ಟಿದ್ದೆ, ಆದರೆ ಅವರು ತೀರಾ ನಿಧಾನವಾದರು, ನಾನು ಹತ್ತಿರ ಬಂದುಬಿಟ್ಟೆ. ಮರದ ನೆರಳಿಗೆ ಹೋದ ಕೂಡಲೇ ಅವರ ಚಕ್ರ ಅಡ್ಡ ತಿರುಗಿತು, ಅವರು ಕಾಲಿಟ್ಟರು. ನಾನೂ ಕಾಲಿಡಬೇಕಾಯಿತು. ಟಿವಿಯಲ್ಲಿ ನೋಡಿದ್ದು ನನ್ನ ಕಣ್ಣೆದುರಿಗೇ ಆಯಿತು. ಅವರು ಕ್ಷಮಿಸಿ ಅಂದರು. ಇಬ್ಬರೂ ಅಂಚಿಗೆ ಸರಿದು ಉಸಿರು ಸುಧಾರಿಸಿಕೊಂಡೆವು.

ಅಲ್ಲಿ ನಿಂತಾಗ ದಾರಿಯನ್ನು ಹತ್ತಿರದಿಂದ ನೋಡಿದೆ. ಎರಡೂ ಬದಿ ಮಣ್ಣಿನ ದಿಣ್ಣೆ ನನ್ನ ತಲೆಗಿಂತ ಎತ್ತರ. ಬೇರುಗಳು ಹೊರಗೆ ಚಾಚಿಕೊಂಡಿವೆ. ಬಿಸಿಲು ಬೀಳದ್ದರಿಂದ ಎರಡು ದಿನ ಮಳೆ ಇಲ್ಲದಿದ್ದರೂ ಅಂಚಿನ ಕಲ್ಲುಗಳ ಮೇಲೆ ಕಪ್ಪು ತೇವ. ನಡು ಉಬ್ಬಿನ ಕಲ್ಲುಗಳು ಮಾತ್ರ ಒಣಗಿ ತಿಳಿ ಬೂದು ಬಣ್ಣಕ್ಕೆ ತಿರುಗಿದ್ದವು. ಆ ಒಣ ಪಟ್ಟಿ ಎರಡು ಅಂಗೈ ಅಗಲ, ಅಷ್ಟೇ. ಅಂಗಡಿಯವರು ಹೇಳಿದ್ದು ಇದನ್ನೇ ಅಂತ ಆಗ ಅರ್ಥವಾಯಿತು.

1987ರಲ್ಲಿ ಈ ದಿಬ್ಬದಲ್ಲಿ ನಡೆದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಡೆನ್ಮಾರ್ಕಿನ ಯೆಸ್ಪರ್ ಸ್ಕಿಬಿ, 23ರ ಹುಡುಗ, ರೇಸಿನಲ್ಲಿ ಒಬ್ಬನೇ ಮುಂದಿದ್ದ. ಈ ಏರಿನಲ್ಲಿ ವೇಗ ಸತ್ತು ಕೆಳಗೆ ಬಿದ್ದ. ಕಾಲು ಇನ್ನೂ ಪೆಡಲ್ ಪಟ್ಟಿಯಲ್ಲೇ ಇತ್ತು. ಹಿಂದೆ ಬರುತ್ತಿದ್ದ ರೇಸ್ ಅಧಿಕಾರಿಗಳ ಕಾರು ನಿಲ್ಲಲಿಲ್ಲ, ಅವನ ಸೈಕಲ್ಲಿನ ಮೇಲೆಯೇ ಹತ್ತಿ ಹೋಯಿತು. ಕಾಲು ಉಳಿದದ್ದು ಪುಣ್ಯ. ಜನ ರೊಚ್ಚಿಗೆದ್ದರು. ಅಲ್ಲಿಂದ ಮುಂದೆ ಕೊಪ್ಪೆನ್‌ಬರ್ಗನ್ನು ರೇಸಿನಿಂದ ಕೈಬಿಟ್ಟರು. ಕಲ್ಲುಗಳನ್ನು ಹೊಸದಾಗಿ ಹಾಸಿದ ಮೇಲೆ, 2002ರಲ್ಲಿ ಮತ್ತೆ ಸೇರಿಸಿದರು. ಆ ಇಕ್ಕಟ್ಟಿನಲ್ಲಿ ನಿಂತು, ಇಲ್ಲಿ ಒಂದು ಕಾರು ಮತ್ತು ಬಿದ್ದ ಮನುಷ್ಯ ಇಬ್ಬರಿಗೂ ಜಾಗ ಎಲ್ಲಿ ಅಂತ ನೋಡಿದೆ. ಇಲ್ಲವೇ ಇಲ್ಲ. ಮೈ ಜುಮ್ಮೆಂದಿತು.

ಸೈಕಲ್ ತಳ್ಳಿಕೊಂಡು ಕೆಳಗಿಳಿದೆ. ಸವಾರಿ ಮಾಡಿ ಇಳಿಯಬೇಡಿ ಅಂತ ಅಂಗಡಿಯವರು ಮೊದಲೇ ಹೇಳಿದ್ದರು, ಮೇಲೆ ಬರುವವರಿಗೆ ಅದು ಅಪಾಯ. ಬುಡದಲ್ಲಿ ಬಾಳೆಹಣ್ಣು ತಿಂದು, ಹದಿನೈದು ನಿಮಿಷ ಕೂತು, ದಾರಿ ಪೂರ್ತಿ ಖಾಲಿ ಆಗುವವರೆಗೂ ಕಾದೆ.

ಎರಡನೇ ಸಲ. ಡಾಂಬರಿನಲ್ಲೇ 34ಕ್ಕೆ ಹಾಕಿದೆ. ಮೊದಲ ಇನ್ನೂರು ಮೀಟರ್ ಗೇರ್ ತೀರಾ ಹಗುರ ಅನ್ನಿಸಿತು, ಕಾಲು ಜಾಸ್ತಿ ಬೇಗ ತಿರುಗುತ್ತಿತ್ತು, ಆದರೂ ಗೇರ್ ಮುಟ್ಟಲಿಲ್ಲ. ನೆರಳು ಬಂತು. ಒಣ ಪಟ್ಟಿಯ ಮೇಲೆ ಕಣ್ಣಿಟ್ಟೆ. ಏರು ಎದ್ದು ನಿಂತಿತು. ಎದೆ ತಗ್ಗಿಸಿದೆ, ಗಲ್ಲ ಹ್ಯಾಂಡಲಿಗೆ ತಾಕುವಷ್ಟು. ಪೆಡಲ್ ತೀರಾ ನಿಧಾನ. ಒಂದು ಕಲ್ಲು, ಇನ್ನೊಂದು ಕಲ್ಲು. ಹಿಂದಿನ ಟೈರು ಪ್ರತಿ ಕಲ್ಲಿನ ಮೇಲೂ ಹತ್ತಿ, ಪುಸ್ಸನೆ ಹರಡಿ, ಮುಂದಿನದಕ್ಕೆ ಹೋಗುವುದು ಸೀಟಿನ ಮೂಲಕ ಗೊತ್ತಾಗುತ್ತಿತ್ತು. ಒಂದು ಕಡೆ ಚಕ್ರ ಅರ್ಧ ಸುತ್ತು ಜಾರಿತು. ಎದ್ದು ನಿಲ್ಲಬೇಕು ಅಂತ ಇಡೀ ಮೈ ಹೇಳಿತು. ನಿಲ್ಲಲಿಲ್ಲ. ಪೆಡಲನ್ನು ಒದೆಯದೆ ಸುಮ್ನೆ ತಳ್ಳಿದೆ. ಟೈರು ಮತ್ತೆ ಹಿಡಿಯಿತು.

ಆ ಮರಗಳ ಕೆಳಗಿನ ದಾರಿ ಎಷ್ಟು ಹೊತ್ತು ಅಂತ ಹೇಳಲಾರೆ. ಕಿವಿಯಲ್ಲಿ ನನ್ನ ಉಸಿರು ಬಿಟ್ಟು ಬೇರೆ ಏನೂ ಇರಲಿಲ್ಲ. ಒಮ್ಮೆಲೇ ಬೆಳಕು ಬಂತು, ಮರ ಮುಗಿದಿತ್ತು. ಅಲ್ಲಿಂದ ಏರು ಸಡಿಲವಾಗುತ್ತದೆ, ಆದರೆ ಕಲ್ಲು ಮುಗಿಯುವುದಿಲ್ಲ, ಅಲ್ಲೇ ತುಂಬಾ ಜನ ಬಿಟ್ಟುಬಿಡುತ್ತಾರಂತೆ. ನಾನು ಬಿಡಲಿಲ್ಲ. ಮೇಲೆ ಮುಟ್ಟಿದಾಗ ಗಡಿಯಾರದಲ್ಲಿ 5 ನಿಮಿಷ 50 ಸೆಕೆಂಡ್. ಗಂಟೆಗೆ ಆರು ಕಿಲೋಮೀಟರ್ ಚಿಲ್ಲರೆ. ಜೋರಾಗಿ ನಡೆಯುವ ವೇಗ. ಹುಲ್ಲಿನ ಮೇಲೆ ಸೈಕಲ್ ಮಲಗಿಸಿ, ಅದರ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ಗೆಳತಿಯ ತಮ್ಮನಿಗೆ ಫೋಟೋ ಕಳಿಸಿದೆ. “ಅಕ್ಕಾ! ನಡ್ಕೊಂಡ್ ಹೋಗಿಲ್ಲ ತಾನೇ?” ಅಂತ ತಕ್ಷಣ ಉತ್ತರ ಬಂತು. ಇಲ್ಲ ಕಣೋ ಅಂದೆ.

ಉಳಿದ ದಿನದ ಬಗ್ಗೆ ಜಾಸ್ತಿ ಬರೆಯಲ್ಲ. ಪಾಟರ್‌ಬರ್ಗ್‌ಗೂ ಹೋದೆ. 360 ಮೀಟರ್, ಕಡಿದಾದ ಕಡೆ 20 ಶೇಕಡಾ. ರೇಸ್ ತನ್ನ ಮನೆ ಮುಂದೆ ಹಾದುಹೋಗಲಿ ಅಂತ ಒಬ್ಬ ರೈತ 1986ರಲ್ಲಿ ಆ ದಾರಿಗೆ ಕಲ್ಲು ಹಾಕಿಸಿದ ಅಂತ ಇಲ್ಲಿ ಹೇಳುತ್ತಾರೆ. ಅಲ್ಲಿ ಕಲ್ಲು ಇನ್ನೂ ನೇರವಾಗಿದೆ, ಬಿಸಿಲೂ ಬೀಳುತ್ತದೆ. ಈ ಟೈರಿನಲ್ಲಿ ಜಾರಲೇ ಇಲ್ಲ, ಕಾಲು ಮಾತ್ರ ಉರಿಯಿತು.

ಈಗ ಅಂಗಡಿಯ ಕೊರತೆಗಳು. ದಿನದ ಬಾಡಿಗೆ 45 ಯೂರೋ, ಗುರುತಿನ ಚೀಟಿ ಅವರ ಹತ್ತಿರ ಇಡಬೇಕು. ಬೆಲೆ ಸರಿಯೇ. ಆದರೆ ತೊಳೆಯುವುದಕ್ಕೆ ಬೇರೆ 5 ಯೂರೋ ಅಂತ ಮೊದಲೇ ಹೇಳಲಿಲ್ಲ, ಹೇಳಬೇಕಿತ್ತು. ಚಿಕ್ಕ ಸೈಜಿನ ಸೈಕಲ್ ಎರಡೇ ಇವೆ. ನನ್ನ ಎತ್ತರದ ಹೆಂಗಸರು ಇಬ್ಬರು ಒಟ್ಟಿಗೆ ಹೋದರೆ ಆಯಿತು, ಮೂರನೆಯವರಿಗೆ ಇಲ್ಲ. ಇದನ್ನು ಅವರಿಗೂ ಹೇಳಿದೆ. ಸೀಟು ಗಟ್ಟಿ, 40 ಕಿಲೋಮೀಟರ್ ಆದ ಮೇಲೆ ನೋವಾಗುತ್ತದೆ. ಸೀಟಿನ ಕೆಳಗಿನ ಚೀಲದಲ್ಲಿ ಪಂಕ್ಚರ್ ಮುಚ್ಚುವ ರಬ್ಬರ್ ಕಡ್ಡಿ ಮತ್ತು ಚಿಕ್ಕ ಪಂಪ್ ಇತ್ತು, ಬದಲಿ ಟ್ಯೂಬ್ ಇರಲಿಲ್ಲ. ಟೈರು ಅಂಚಿನಲ್ಲಿ ಹರಿದರೆ ದ್ರವವೂ ಕಡ್ಡಿಯೂ ಸಾಲುವುದಿಲ್ಲ, ಟ್ಯೂಬ್ ಬೇಕೇ ಬೇಕು. ನೀವು ಹೋದರೆ ಒಂದು ಟ್ಯೂಬ್ ಕೇಳಿ ಇಸ್ಕೊಳ್ಳಿ. ಪೆಡಲ್ ಮಾತ್ರ ನಿಮ್ಮ ಶೂಗೆ ಹೊಂದುವುದನ್ನೇ ಹಾಕಿ ಕೊಡುತ್ತಾರೆ. ನಾನು ಈ ಸಲ ಚಪ್ಪಟೆ ಪೆಡಲ್ ಕೇಳಿದೆ, ಮಾಮೂಲಿ ಶೂನಲ್ಲೇ ಹೋದೆ. ಮೊದಲ ಪ್ರಯತ್ನದಲ್ಲಿ ಬೀಳದೆ ಕಾಲಿಡಲು ಆಗಿದ್ದು ಅದರಿಂದಲೇ.

ಸೋಮವಾರ, ಮಂಗಳವಾರ ರಜೆ. ಸಂಜೆ ಐದಕ್ಕೆ ಬಾಗಿಲು ಹಾಕುತ್ತಾರೆ, ಐದು ಅಂದರೆ ಐದೇ. ರೋಂಡೆ ನಡೆಯುವ ವಾರ ಬಾಡಿಗೆ ಕೊಡುವುದೇ ಇಲ್ಲ. ರೇಸಿನ ಹಿಂದಿನ ದಿನ ಸಾಮಾನ್ಯ ಸವಾರರಿಗಾಗಿ ನಡೆಯುವ ಸವಾರಿಗೆ ಸಾವಿರಾರು ಜನ ಬರುತ್ತಾರೆ, ಆ ದಿನ ದಿಬ್ಬದ ಬುಡದಿಂದಲೇ ಸಾಲು. ಆ ಗುಂಪಿನಲ್ಲಿ ಇಳಿಯದೆ ಹತ್ತಲು ಆಗುವುದಿಲ್ಲ ಅಂತ ಅವರು ಖಡಾಖಂಡಿತವಾಗಿ ಹೇಳಿದರು. ವಾರದ ನಡುವೆ, ಬೆಳಿಗ್ಗೆ ಹತ್ತರ ಒಳಗೆ ಹೋಗಿ.

ನಾನು ವಾಪಸ್ ಬಂದಾಗ ನಾಲ್ಕೂ ಮುಕ್ಕಾಲು. ಅವರು ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಲಿವರ್ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಹಿಂದಿನ ಟೈರನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದರು. ಒಂದು ಕಡೆ ನಿಲ್ಲಿಸಿ ಉಗುರಿನಿಂದ ಕೆರೆದರು. ರಬ್ಬರಿನ ಮೇಲೆ ಅಂಗೈ ಉದ್ದದ, ನುಣುಪಾದ ಗುರುತು.

“ಇಲ್ಲಿ ಜಾರಿದಿರಿ” ಅಂದರು.

ಹೌದು, ಮರದ ಕೆಳಗೆ, ಅರ್ಧ ಸುತ್ತು ಅಂದೆ.

“ಎದ್ದು ನಿಂತಿರಾ?”

ಇಲ್ಲ ಅಂದೆ. ಅವರು ತಲೆಯಾಡಿಸಿದರು. ಗೋಡೆಯ ಹಲಗೆ ಹತ್ತಿರ ಹೋಗಿ, 64 ಅನ್ನು ಅಳಿಸದೆ, ಅದರ ಮುಂದೆ ಸಣ್ಣದಾಗಿ 3.4 ಅಂತ ಬರೆದರು. ಮುಂದಿನ ಸಲ ಹಿಂದಿನ ಟೈರಿಗೆ ಇನ್ನೂ ಒಂದು ಚೂರು ಕಮ್ಮಿ ಗಾಳಿ.